ಗೋಧಿಯ ಹೇನು ಕೊಂದ ಕೈ

ಮಾರ್ಗಶಿರದ ಚಳಿ ಬಿದ್ದಿತ್ತು. 2012ನೇ ಇಸವಿ ಮುಗಿಯಲು ಬಂದಿತ್ತು. ಹೊತ್ತು ಮೂಡಿದ್ದರೂ ಬಿಸಿಲಿಗೆ ಇನ್ನೂ ಕಾವು ಬಂದಿರಲಿಲ್ಲ. ಚಿಕ್ಕೋಡಿಯಲ್ಲಿ ಮೆಹರುಬಿಯ ಮನೆಯ ಮುಂದೆ ಟಾಂಗಾ ನಿಲ್ಲಿಸಿಕೊಂಡು ನಾನು ಬಳೆಯ ಪೆಟ್ಟಿಗೆಗಳನ್ನು ಹಗ್ಗದಿಂದ ಬಿಗಿಯುತ್ತಿದ್ದೆ. ನನ್ನ ಕುದುರೆ ಬಿಜಲಿ ಮೂಗಿನಿಂದ ಹಬೆ ಬಿಡುತ್ತ ನಿಂತಿತ್ತು. ಆ ದಿನ ನಾವು ರಾಯಬಾಗದ ಸಂತೆಗೆ ಹೋಗುವುದಿತ್ತು. ಹೋಗಲಿಲ್ಲ.

ಮೆಹರುಬಿ ಬಳೆಗಾರ್ತಿ. ನಿಪ್ಪಾಣಿಯಿಂದ ಕಾಗವಾಡದವರೆಗೆ ಅವಳು ಬಳೆ ಇಡದ ಕೈ ಕಡಿಮೆ. ನಾನು ಮಾಳಸಿದ್ದ, ಅವಳ ಟಾಂಗಾದವನು. ಅವಳ ಗಂಡ ಇದ್ದಾಗಿನಿಂದಲೂ ಅವಳ ಪೆಟ್ಟಿಗೆ ಹೊತ್ತವನು. ಊರಲ್ಲಿ ಎಮ್ಮೆ ಕಳೆದರೆ, ಸರ ಕಾಣೆಯಾದರೆ, ಮದುವೆಯ ಹಿಂದಿನ ದಿನ ಗಂಡು ಓಡಿಹೋದರೆ ಜನ ಠಾಣೆಗೆ ಹೋಗುವ ಮುಂಚೆ ಅವಳ ಹತ್ತಿರ ಬರುತ್ತಿದ್ದರು. ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಪೊಲೀಸ್ರು ಬಾಯಿ ನೋಡ್ತಾರ, ನಾ ಕೈ ನೋಡ್ತೀನಿ. ಬಾಯಿಗೆ ಸುಳ್ಳು ಹೇಳಾಕ ಬರ್ತೈತಿ. ಕೈಗೆ ಬರೂದಿಲ್ಲ."

ಬಸ್ ಸ್ಟ್ಯಾಂಡಿನ ಕಡೆಯಿಂದ ಒಬ್ಬ ಹುಡುಗಿ ಓಡೋಡಿ ಬಂದಳು. ಮೂವತ್ತರ ಹತ್ತಿರದ ವಯಸ್ಸು. ಕಾಲಿನ ಬೂಟಿಗೆ ಹೊಲದ ಮಣ್ಣು ಮೆತ್ತಿತ್ತು.

"ಅಜ್ಜಾ, ಬಳಿಗಾರ ಬೂಬವ್ವನ ಮನಿ ಇದ ಏನ್ರಿ?"

ಮೆಹರುಬಿ ಒಳಗಿನಿಂದಲೇ, "ಇದ ಐತಿ, ಬಾರವ್ವಾ. ಏನ ಕಳದೈತಿ?" ಎಂದಳು.

"ಕಳದಿಲ್ರಿ. ನನ್ನ ಹೇನ ಯಾರೋ ಕೊಲ್ಲಾಕತ್ತಾರ್ರಿ!"

ಮೆಹರುಬಿ ಹೊರಗೆ ಬಂದು ಅವಳ ತಲೆಯನ್ನು ಮೇಲಿಂದ ಕೆಳಗೆ ನೋಡಿದಳು. "ಕೊಂದ್ರ ಪುಣ್ಯಾ ಬಂತು. ಇಷ್ಟ ದಿನ ಹಣಗಿ ಸಿಗಲಿಲ್ಲೇನ ನಿನಗ?"

ನಾನು ನಕ್ಕುಬಿಟ್ಟೆ. ಹುಡುಗಿಯೂ ನಗಲು ಹೋದಳು, ಆದರೆ ಕಣ್ಣಲ್ಲಿ ನೀರು ತುಂಬಿಕೊಂಡಿತು. ಮೆಹರುಬಿ ಕೂಡಲೇ ಚಾಪೆ ಹಾಕಿ ಚಹಾ ತಂದುಕೊಟ್ಟಳು.

ಅವಳ ಹೆಸರು ಸಾರಿಕಾ. ರಾಯಬಾಗದವಳು. ಗೋಧಿಯ ಹೊಸ ತಳಿ ಮಾಡುವ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಗೋಧಿಗೆ ಒಂದು ಹಳದಿ ರೋಗವಿದೆಯಂತೆ. ವೈರಸ್‌ನಿಂದ ಬರುವುದು. ಬಂದರೆ ಎಲೆ ಹಳದಿಯಾಗಿ, ಪೈರು ಗಿಡ್ಡಾಗಿ, ತೆನೆ ಜೊಳ್ಳಾಗುತ್ತದೆ. ಅದಕ್ಕೆ ಔಷಧವಿಲ್ಲ. ಆದರೆ ಗೋಧಿಯ ದೂರದ ನೆಂಟನಾದ ಒಂದು ಕಾಡುಹುಲ್ಲಿಗೆ ಈ ರೋಗ ತಾಗುವುದಿಲ್ಲ. ಸಾರಿಕಾ ಆ ಹುಲ್ಲಿನ ಗುಣವನ್ನು ಗೋಧಿಯ ರಕ್ತಕ್ಕೆ ತರಲು ವರ್ಷಗಟ್ಟಲೆ ಪರಾಗ ಕೂಡಿಸಿ, ಆರಿಸಿ, ಬಿತ್ತಿ, ಮತ್ತೆ ಆರಿಸಿ ಒಂದು ತಳಿ ಮಾಡಿದ್ದಳು.

"ಕೇಂದ್ರದಾಗ ಉಳದ ಗೋದಿ ಎಲ್ಲಾ ಹಳದಿ ಆತ್ರಿ, ನಂದು ಒಂದ ಸಾಲ ಹಸರ ನಿಂತಿತ್ತು. ಅದು ಲಕ್ಕು ಅಂದ್ರ ಸಾಹೇಬ್ರು. ರೈತರ ಹೊಲದಾಗ ತೋರ್ಸು ಅಂದ್ರು. ಅದಕ್ಕ ಕಬ್ಬೂರದಾಗ ದಾದಾಸಾಹೇಬ ಕಾಕಾನ ಹೊಲಾ ಹಿಡದೀನಿ. ಅಲ್ಲೆ ಅವರ ಮನ್ಯಾಗ ಇರ್ತೀನಿ."

"ಹೇನ ಯಾಕ ಬೇಕು ಅದಕ್ಕ?"

"ಈ ರೋಗ ಗಾಳ್ಯಾಗ ಬರೂದಿಲ್ರಿ. ಹಸರ ಹೇನ ಇರ್ತಾವಲ್ಲ, ಅವು ರೋಗದ ಪೈರ ಕಚ್ಚಿ ಚಲೋ ಪೈರ ಕಚ್ಚಿದ್ರ ಬರ್ತೈತಿ. ನಾನ ರೋಗದ ಪೈರಿನ ಮ್ಯಾಲ ಹೇನ ಸಾಕಿ ಈ ಪೈರಿಗೆ ಬಿಡ್ತೀನಿ. ಅವು ನಾಕ ದಿನ ಕಚ್ಚಬೇಕು. ಆಮ್ಯಾಲೆ ನಾನ ಕೊಲ್ತೀನಿ. ಆದ್ರ ಎರಡ ಸಲ ಬಿಟ್ಟೀನ್ರಿ. ಸಂಜಿಕೆ ಬಿಟ್ರ ಮರದಿನ ಮುಂಜಾನೆ ಜೀವಂತ ಇರ್ತಾವು, ಮಧ್ಯಾಹ್ನಕ್ಕ ಎಲ್ಲಾ ಸತ್ತ ಬಿದ್ದಿರ್ತಾವು."

"ಚಳಿಗೆ ಸತ್ತಿರಬೇಕು," ಎಂದೆ ನಾನು.

"ಇಲ್ರಿ ಅಜ್ಜಾ. ಸಾಕಿದ ಹೇನ ಅದ ಚಳ್ಯಾಗ ಆರಾಮ ಅದಾವು. ಇನ್ನೊಂದ ಸಲಕ್ಕ ಸಾಕಾಗೂವಷ್ಟ ಉಳದಾವು. ಪೈರ ಎತ್ತರ ಆದ ಮ್ಯಾಲ ಬಿಟ್ರ ಉಪಯೋಗಿಲ್ಲ. ಈ ಹಂಗಾಮ ತಪ್ಪಿದ್ರ ಯೋಜನಾ ಮುಚ್ಚತಾರ. ನನ್ನ ಕಾಳು ಚೀಲದಾಗ ಕಟ್ಟಿ ಗುದಾಮಿಗೆ ಒಗೀತಾರ. ನನ್ನ ಕಚೇರ್ಯಾಗ ಕೂಡಸ್ತಾರ."

ಮೆಹರುಬಿ ಸುಮ್ಮನೆ ಅವಳ ಬಲಗೈ ಹಿಡಿದುಕೊಂಡಳು. "ಬರಿಗೈಲೆ ಬಂದೀ. ನನ್ನ ಮನಿಗೆ ಬಂದ ಹೆಣ್ಮಗಳು ಬರಿಗೈಲೆ ಹೋಗೂದಿಲ್ಲ," ಎಂದು ಸಾಬೂನು ಹಚ್ಚಿ, ಕೈ ಹಿಂಡಿ, ಹಸಿರು ಬಳೆ ಏರಿಸಿದಳು. ಏರಿಸುವಾಗ ಆ ಒದ್ದೆ ಕೈಯನ್ನು ಒಮ್ಮೆ ತನ್ನ ಮೂಗಿನ ಹತ್ತಿರ ತಂದದ್ದನ್ನು ನಾನು ನೋಡಿದೆ. ಸಾರಿಕಾಳ ಬೆರಳ ತುದಿಗಳು ಕಂದಾಗಿದ್ದವು.

"ಇದೇನವ್ವಾ ಬಣ್ಣ?"

"ತುಕ್ಕ ರೀ. ಅಲ್ಲೆ ಹಳೇ ಡ್ರಮ್ಮ ಐತಿ, ನೀರಿಂದು."

"ಹಂ," ಎಂದಳು ಮೆಹರುಬಿ. ನನ್ನ ಕಡೆ ತಿರುಗಿ, "ಮಾಳಸಿದ್ದಣ್ಣಾ, ರಾಯಬಾಗ ಬ್ಯಾಡ. ಕಬ್ಬೂರಿಗೆ ಹೊಡಿ," ಎಂದಳು.

ದಾದಾಸಾಹೇಬನ ತೋಟದ ಮನೆ ಊರ ಹೊರಗಿತ್ತು. ಅವನು ಹರೆಯದಲ್ಲಿ ಕೊಲ್ಲಾಪುರದ ಕಡೆಯೆಲ್ಲ ಕುಸ್ತಿ ಆಡಿದ ಪೈಲ್ವಾನ. ಕಿವಿಗಳು ಹಿಂಡಿದ ಹೋಳಿಗೆಯಂತಾಗಿದ್ದವು. ಮೈ ಇನ್ನೂ ಬಂಡೆಯಂತಿತ್ತು. ಆದರೆ ಹೆಂಡತಿ ಸುಗಂಧಾ ಒಂದು ಸಲ ಕೆಮ್ಮಿದರೆ ಆ ಬಂಡೆ ಜರುಗಿ ನಿಲ್ಲುತ್ತಿತ್ತು.

"ಬರ್ರಿ ಬೂಬವ್ವಾರ," ಎಂದ ದಾದಾಸಾಹೇಬ. "ಈ ಪೋರಿ ಅಳೂದ ನೋಡಾಕ ಆಗವಲ್ದು. ಮಾಡಿದಾವ ಯಾರಂತ ಬಟ್ಟ ಮಾಡಿ ತೋರಸ್ರಿ ಸಾಕು, ಎತ್ತಿ ಒಗೀತೀನಿ."

"ಎತ್ತಿ ಒಗಿಯೂದ ಆಮ್ಯಾಲ. ಮದಲ ಎಮ್ಮಿ ಕಡೆ ನೋಡ್ರಿ," ಎಂದಳು ಸುಗಂಧಾ. ತುಂಬಿದ ಮೈ, ಹಣೆ ತುಂಬ ಕುಂಕುಮ, ಸೆರಗು ಸೊಂಟಕ್ಕೆ ಬಿಗಿದಿದ್ದಳು. ಸಾರಿಕಾಳ ಬಳೆ ಕಂಡು ಅವಳ ಮುಖ ಅರಳಿತು. "ಈಗ ನೋಡ ಕೈಗೆ ಕಳಾ ಬಂತು! ಚಹಾ ಕುಡದೇನ? ಮುಂಜಾನೆ ಉಪಾಸ ಹೋಗೀ."

"ಎಮ್ಮಿಗೇನಾಗೇತಿ?" ಮೆಹರುಬಿ ಕೇಳಿದಳು.

"ಏನಿಲ್ರಿ. ರಾತ್ರಿಯೆಲ್ಲಾ ಸೊಳ್ಳಿ ತಿಂತಾವು," ಎಂದ ದಾದಾಸಾಹೇಬ. "ನಿಪ್ಪಾಣಿ ಬೀಗರ ಕಡಿಂದ ತಂಬಾಕಿನ ದಂಟ ತರಿಸೀನಿ, ಗೋದಲ್ಯಾಗ ಹೊಗಿ ಹಾಕಾಕ. ಇಕಿ ಎಂಟ ದಿನಾತು ಹೊಗೀನ ಹಾಕವಲ್ಲಳು."

"ಹೊಗಿಗೆ ನನ್ನ ಕಣ್ಣ ಉರಿತಾವು," ಎಂದು ಸುಗಂಧಾ ಒಳಗೆ ಹೋದಳು.

ಎಮ್ಮೆ ಕಟ್ಟುವ ಗೋದಲಿಯ ಗೋಡೆಗೆ ತಂಬಾಕಿನ ದಂಟಿನ ಬಣವೆ ಒರಗಿತ್ತು. ಮೆಹರುಬಿ ಅದರ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಬಣವೆಯ ಪಕ್ಕದ ನೆಲದಲ್ಲಿ ದಂಟು ಇದ್ದು ಹೋದ ಗುರುತು ಅಗಲವಾಗಿ ಬಿದ್ದಿತ್ತು. ನನಗೆ ಅದರಲ್ಲೇನೂ ಕಾಣಲಿಲ್ಲ.

ಹೊಲದಲ್ಲಿ ಸಣ್ಣ ಸಣ್ಣ ಮಡಿಗಳು. ಪ್ರತಿ ಮಡಿಯ ಮೇಲೆ ಬಿದಿರಿನ ಕಮಾನು ಬಾಗಿಸಿ, ಬಿಳಿ ಸೊಳ್ಳೆಪರದೆ ಹೊದಿಸಿ, ಅಂಚನ್ನು ಮಣ್ಣಲ್ಲಿ ಹೂತಿದ್ದರು. ಒಳಗೆ ಸಾರಿಕಾಳ ತಳಿ ಒಂದು ಸಾಲು, ಅಂಗಡಿಯ ಗೋಧಿ ಒಂದು ಸಾಲು. ಮೊಳಕೆಗಳು ತೊಟ್ಟಿಲ ಕೂಸುಗಳಂತೆ ಹಸಿರಾಗಿದ್ದವು. ಕಾವಲಿನ ಅಮೀರ ಕಂಬಳಿ ಹೊದ್ದು ನಿಂತಿದ್ದ.

"ಖಾಲಾ, ಅಲ್ಲಾನ ಆಣೆ, ಒಂದ ನರಪಿಳ್ಳೆ ಬಂದಿಲ್ಲ," ಎಂದ. "ಹೂತ ಮಣ್ಣ ಹೂತಂಗ ಐತಿ. ಪರದಿ ಹರದಿಲ್ಲ. ಎಣ್ಣಿ ಹೊಡದಿದ್ರ ವಾಸನಿಗೆ ನನಗ ಎಚ್ಚರ ಆಗತಿರಲಿಲ್ಲೇನು?" ನಮ್ಮ ಕಡೆ ಹುಳದ ಔಷಧಕ್ಕೆ ಎಣ್ಣೆ ಎನ್ನುತ್ತಾರೆ. ಅದರ ನಾತ ಹರದಾರಿ ದೂರ ಹೋಗುತ್ತದೆ.

"ಎಲ್ಲಾ ಮಡ್ಯಾಗೂ ಸತ್ತಾವ?"

"ಒಂದ ಬಿಟ್ಟು," ಎಂದಳು ಸಾರಿಕಾ. "ಆ ಕಡೀ ಮಡಿ. ಅಲ್ಲಿ ಬದಕ್ಯಾವು. ಯಾಕಂತ ತಿಳೀವಲ್ದು."

ಆ ಕಡೆಯ ಮಡಿ ಪಕ್ಕದ ಹೊಲದ ಬದುವಿಗೆ ಹತ್ತಿಕೊಂಡಿತ್ತು. ಬದುವಿನ ಆಚೆ ಆಬಾಸಾಹೇಬನ ಗೋಧಿ. ನಮ್ಮ ದನಿ ಕೇಳಿ ಅವನೇ ಬದುವಿನ ಮೇಲೆ ಬಂದು ನಿಂತ, ಕೈಯಲ್ಲಿ ಸಲಿಕೆ.

"ಸತ್ತಾವಂತ? ದೇವ್ರ ದೊಡ್ಡಾವ!" ಎಂದ. "ಊರ ಮಂದಿ ಹೇನ ತಗೀತಾರ, ಇಕಿ ತಂದ ಬಿಡ್ತಾಳ. ನಾಳೆ ಹಾರಿ ನನ್ನ ಗೋದಿಗೆ ಬಂದ್ರ ಯಾರ ಜವಾಬ್ದಾರಿ? ನಾ ಮದಲ ಹೇಳೇನಿ, ಒಂದ ಹೇನ ಬಂದ್ರ ಸುಟ್ಟ ಬಿಡ್ತೀನಿ ಅಂತ."

"ಸುಟ್ಟೀರೇನು?" ಮೆಹರುಬಿ ಮೆಲ್ಲಗೆ ಕೇಳಿದಳು.

"ನಾ ಸುಟ್ರ ಊರಿಗೆ ಹೊಗಿ ಕಾಣ್ತಿತ್ತು. ಕದ್ದ ಮಾಡೂ ಪೈಕಿ ಅಲ್ಲ ನಾ." ಸಲಿಕೆ ಹೆಗಲಿಗೇರಿಸಿ ಹೋದ.

ಮಡಿಗಳಿಗೆ ನೀರು ಹೇಗೆ ಎಂದು ಮೆಹರುಬಿ ಕೇಳಿದಳು. ದಿನಾ ಮುಂಜಾನೆ ಸಾರಿಕಾ ತಾನೇ ಝಾರಿಯಿಂದ ಪರದೆಯ ಮೇಲೆಯೇ ಸಣ್ಣಗೆ ಮಳೆಯಂತೆ ನೀರು ಸುರಿಸುತ್ತಿದ್ದಳು. ಮನೆಯ ಹಿಂದಿನ ಬೇವಿನ ಗಿಡದ ಕೆಳಗೆ ಡ್ರಮ್ಮು ಇತ್ತು. ಅದನ್ನು ಸುಗಂಧಾ ಹಿಂದಿನ ಸಂಜೆಯೇ ತುಂಬಿಡುತ್ತಿದ್ದಳು. ಕಡೆಯ ಮಡಿಗೆ ಬರುವ ಹೊತ್ತಿಗೆ ಡ್ರಮ್ಮು ಬರಿದಾಗುತ್ತಿತ್ತು. ಅದಕ್ಕೆ ಅಮೀರ ಬಾವಿಯಿಂದ ಕೊಡ ತಂದು ಹಾಕುತ್ತಿದ್ದ.

ಮೆಹರುಬಿ ಬಿಳಿ ಪರದೆಯನ್ನು ಬೆರಳಲ್ಲಿ ಹಿಡಿದು ಬಿಸಿಲಿಗೆ ಒಡ್ಡಿದಳು. ಅದರ ಮೇಲೆ ಚಹಾ ಚೆಲ್ಲಿದಂಥ ಸಣ್ಣ ಸಣ್ಣ ಕಲೆಗಳಿದ್ದವು. ಕಡೆಯ ಮಡಿಯ ಪರದೆ ಮಾತ್ರ ಹಾಲಿನಂತೆ ಬೆಳ್ಳಗಿತ್ತು.

ಅಷ್ಟರಲ್ಲಿ ಬಿಜಲಿಗೆ ನೀರಡಿಕೆಯಾಗಿತ್ತು. ನಾನು ಅದನ್ನು ಬಿಚ್ಚಿ ಬೇವಿನ ಗಿಡದ ಕೆಳಗಿನ ಡ್ರಮ್ಮಿಗೆ ಒಯ್ದೆ. ತಳದಲ್ಲಿ ಝಾರಿಗೆ ಸಿಗದಷ್ಟು ನೀರು ಉಳಿದಿತ್ತು. ಬಿಜಲಿ ಮೂತಿ ಇಳಿಸಿತು, ಫುರ್ರೆಂದು ತಲೆ ಕೊಡವಿ ಎರಡು ಹೆಜ್ಜೆ ಹಿಂದೆ ಸರಿಯಿತು. ಅಡುಗೆಮನೆಯಿಂದ ಸುಗಂಧಾ ಓಡಿಬಂದಳು.

"ಅಯ್ಯ, ಅದನ್ನ ಕುಡಸಬ್ಯಾಡ್ರಿ! ತುಕ್ಕಿನ ನೀರದು, ಕುದರಿ ಹೊಟ್ಟಿ ಕೆಡ್ತೈತಿ!" ಎಂದು ತಾನೇ ಬಾವಿಯಿಂದ ಬಕೆಟ್ ತಂದು ಇಟ್ಟಳು. ಬಿಜಲಿ ಅದನ್ನು ಗಟಗಟ ಕುಡಿಯಿತು. ನಾನು ಆ ತಾಯಿಯ ಕರುಣೆಗೆ ತಲೆದೂಗಿದೆ. ಮೆಹರುಬಿ ದೂರದಿಂದ ನೋಡುತ್ತ ನಿಂತಿದ್ದಳು.

ಮರಳುವಾಗ ಊರ ಬಾಯಿಗಿರುವ ಕಾಕಾಸಾಹೇಬನ ಗೊಬ್ಬರ-ಔಷಧದ ಅಂಗಡಿಯ ಮುಂದೆ ಟಾಂಗಾ ನಿಲ್ಲಿಸಿದೆವು. ನನ್ನ ಸಂಶಯವೆಲ್ಲ ಅವನ ಮೇಲಿತ್ತು. ರೋಗವೇ ಬರದ ಗೋಧಿ ಬಂದರೆ ಅಂಗಡಿ ನಡೆಯುವುದು ಹೇಗೆ?

ಅವನು ಹೊಟ್ಟೆ ಕುಣಿಸಿ ನಕ್ಕ. "ಬರ್ರಿ ಬೂಬವ್ವಾ! ನಾನ ಕೊಂದೀನಿ ಅಂತ ಕೇಳಾಕ ಬಂದಿರೇನು? ಊರ ಮಂದಿ ಎಲ್ಲಾ ನನ್ನ ಮುಖಾನ ನೋಡಾಕತ್ತಾರ. ನನ್ನ ಎಣ್ಣಿಗೆ ಒಂದ ದಿನದಾಗ ಅಷ್ಟ ಹೇನ ಸಾಯುವಂಗಿದ್ರ ನಾ ಬೋರ್ಡ ಬರಸ್ತಿದ್ದೆ!"

"ನಿನ್ನ ಎಣ್ಣಿ ಹೊಡದ್ರ ಎಷ್ಟ ದಿನಾ ಪೈರಿನ ಮ್ಯಾಲ ಇರ್ತೈತಿ?"

"ಚಲೋ ಮಾಲಾದ್ರ ವಾರ, ಹತ್ತ ದಿನಾ. ಯಾಕ?"

"ಸುಮ್ಮನ," ಎಂದು ಅವಳು ಟಾಂಗಾ ಹತ್ತಿದಳು.

ದಾರಿಯಲ್ಲಿ ನಾನು ಸುಮ್ಮನಿರಲಾರದೆ, "ಕಾಕಾಸಾಹೇಬನ ಅಂತೀನಿ ನಾ. ನಗೂ ಮಂದೀನ ನಂಬಬಾರದು," ಎಂದೆ.

"ಹಂಗಾದ್ರ ನಿನ್ನ ಕುದರಿ ಮೂಕ ಐತಿ, ಅದನ್ನ ನಂಬು," ಎಂದಳು. "ಅದಕ್ಕ ಎಲ್ಲಾ ಗೊತ್ತೈತಿ."

ಮರುದಿನ ಸಂಜೆ ಅವಳು ನನ್ನ ಕೈಯಲ್ಲಿ ಎರಡು ಕ್ಯಾನು ಚಿಕ್ಕೋಡಿಯ ನಳದ ನೀರು ಕೊಟ್ಟು ಕಬ್ಬೂರಿಗೆ ಕಳಿಸಿದಳು. ಸಾರಿಕಾಳಿಗೆ ಗುಟ್ಟಾಗಿ ಹೇಳಬೇಕಾದ ಮಾತು ಇಷ್ಟೇ: ಇರುವ ಹೇನುಗಳಲ್ಲಿ ಚೂರೇ ಚೂರು ತೆಗೆದು ನಾಲ್ಕು ಮಡಿಗೆ ಬಿಡು. ಮುಂಜಾನೆ ಎರಡಕ್ಕೆ ಡ್ರಮ್ಮಿನ ನೀರು, ಎರಡಕ್ಕೆ ಈ ನೀರು. ಯಾರಿಗೂ ಹೇಳಬೇಡ. ಕೇಳಿದ ಕೂಡಲೇ ಆ ಹುಡುಗಿಯ ಕಣ್ಣು ಹೊಳೆಯಿತು. "ಇದು ನಮ್ಮ ಪ್ರಯೋಗ ಮಾಡೂ ರೀತಿನ ಆತಲ್ರಿ ಅಜ್ಜಾ! ನನಗ ಯಾಕ ಹೊಳೀಲಿಲ್ಲ?" ಎಂದಳು. "ಮನಿಯೊಳಗ ಕುಂತ ಮನಿ ಸೂರ ಕಾಣೂದಿಲ್ಲವ್ವ," ಎಂದೆ ನಾನು.

ಒಂದು ದಿನ ಬಿಟ್ಟು ಅವಳ ಫೋನು ಬಂತು. ಡ್ರಮ್ಮಿನ ನೀರು ಬಿದ್ದ ಮಡಿಯಲ್ಲಿ ಹೇನೆಲ್ಲ ಸತ್ತಿದ್ದವು. ನಳದ ನೀರಿನ ಮಡಿಯಲ್ಲಿ ಮರಿ ಹಾಕಿಕೊಂಡು ಸುಖವಾಗಿದ್ದವು.

"ನೀರಾಗ ಐತ್ರಿ ಬೂಬವ್ವಾರ! ಆದ್ರ ಡ್ರಮ್ಮ ಬಯಲಾಗ ಇರ್ತೈತಿ. ಯಾರ ಬೇಕಾದ್ರೂ ಏನ ಬೇಕಾದ್ರೂ ಹಾಕಬಹುದು. ಯಾರ್ರಿ ಅದು?"

"ಎಳ್ಳ ಅಮಾಸಿ ಹತ್ರ ಬಂತಲ್ಲ? ಅವತ್ತ ಹೊಲದಾಗ ಹೇಳ್ತೀನಿ. ದಾದಾಸಾಹೇಬಗ ಹೇಳು, ಆಬಾಸಾಹೇಬನ್ನ, ಕಾಕಾಸಾಹೇಬನ್ನ ಊಟಕ್ಕ ಕರಿ ಅಂತ. ಅಲ್ಲೀ ಮಟ ಉಳದ ಹೇನ ಜ್ವಾಕಿ."

ಎಳ್ಳ ಅಮಾವಾಸ್ಯೆಯೆಂದರೆ ನಮ್ಮ ಕಡೆ ಭೂತಾಯಿಯ ಬಯಕೆಯ ದಿನ. ಪೈರು ಹೊತ್ತ ನೆಲ ಬಸುರಿ ಹೆಂಗಸಿನಂತೆ. ಅವಳಿಗೆ ಬಗೆಬಗೆಯ ಅಡುಗೆ ಮಾಡಿ ಒಯ್ದು, ಹೊಲದ ಸುತ್ತ ಆ ಅಡುಗೆಯನ್ನೇ ಚರಗವೆಂದು ಚೆಲ್ಲಿ, ಆಮೇಲೆ ಎಲ್ಲರೂ ಹೊಲದಲ್ಲೇ ಉಣ್ಣುತ್ತಾರೆ. ಸುಗಂಧಾ ಮುಂಜಾನೆಯೇ ಬುಟ್ಟಿ ಹೊತ್ತು ಬಂದಿದ್ದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು. ಚರಗ ಚೆಲ್ಲಿಯಾದ ಮೇಲೆ ಬೇವಿನ ನೆರಳಲ್ಲಿ ಕಂಬಳಿ ಹಾಸಿ ಎಲ್ಲರೂ ಕೂತೆವು. ಆಬಾಸಾಹೇಬ ಮುಖ ಗಂಟಿಕ್ಕಿಕೊಂಡೇ ಮೂರನೆಯ ಕಡುಬಿಗೆ ಕೈ ಹಾಕಿದ್ದ. ಕಾಕಾಸಾಹೇಬ ಎರಡು ಹೋಳಿಗೆ ಒಟ್ಟಿಗೆ ಮಡಚುತ್ತಿದ್ದ.

"ಹೇಳ್ರಿ ಬೂಬವ್ವಾ," ಎಂದ ದಾದಾಸಾಹೇಬ, ತೋಳು ತಟ್ಟಿಕೊಳ್ಳುತ್ತ. "ಊಟ ಆಗಿ ಕೈ ಖಾಲಿ ಅದಾವು."

"ತೋಳ ಇಳಸ್ರಿ, ಹೇಳ್ತೀನಿ," ಎಂದಳು ಮೆಹರುಬಿ. "ಮದಲ ಆಬಾಸಾಹೇಬರು. ಬಾಯಿ ಜೋರ, ಎಲ್ಲಾರ ಕಣ್ಣ ಅವರ ಮ್ಯಾಲ. ಆದ್ರ ಅವರ ಬದುವಿಗೆ ಹತ್ತಿದ ಮಡ್ಯಾಗ ಮಾತ್ರ ಹೇನ ಬದಕಿದ್ದು. ಬದುವಿನ ಆಚೆಯಿಂದ ಕೊಲ್ಲಾವ ತನ್ನ ಹೊಲಕ್ಕ ಹತ್ರ ಇದ್ದದ್ದನ್ನ ಮದಲ ಕೊಲ್ತಿದ್ದ, ಅದನ್ನ ಬಿಟ್ಟ ದೂರದ್ದು ಕೊಲ್ಲೂದಿಲ್ಲ."

"ಅದನ್ನ ನಾ ಅವತ್ತ ಹೇಳಲಿಲ್ಲೇನು?" ಎಂದ ಆಬಾಸಾಹೇಬ. ಹೇಳಿರಲಿಲ್ಲ. ನಾಲ್ಕನೆಯ ಕಡುಬು ತೆಗೆದುಕೊಂಡ.

"ಆಮ್ಯಾಲೆ ಕಾಕಾಸಾಹೇಬ. ಅಂಗಡೀ ಎಣ್ಣಿ ವಾರ ಇರ್ತೈತಿ ಅಂತ ಅವನ ಬಾಯಿಂದನ ಬಂತು. ಮದಲನೇ ಸಲ ಅದನ್ನ ಹೊಡದಿದ್ರ ಎರಡನೇ ಸಲ ಬಿಟ್ಟ ಹೇನ ರಾತ್ರೀನ ಸಾಯಬೇಕಿತ್ತು. ಸಾಯಲಿಲ್ಲ. ಮರದಿನ ಮುಂಜಾನೆ ನೀರ ಬಿದ್ದ ಮ್ಯಾಲನ ಸತ್ತಾವು. ಅಮೀರಂದೂ ಅಲ್ಲ. ಅವ ಒಬ್ನ ಮುಟ್ಟೂ ಮಡಿ ಯಾವುದು? ಹೇನ ಬದಕಿದ್ದು ಅದ ಮಡಿ."

"ಅಲ್ಲಾ ನೋಡ್ದ ನೋಡು!" ಎಂದ ಅಮೀರ, ಕಂಬಳಿ ಕೊಡವಿಕೊಂಡು.

"ಹಂಗಾದ್ರ ಯಾರೂ ಒಳಗ ಹೋಗಿಲ್ಲ. ಕೊಂದದ್ದು ಮ್ಯಾಲಿಂದ ಬಿದ್ದ ನೀರು. ಸುರದಾಕಿ ನಮ್ಮ ಸಾರಿಕಾನ, ಪಾಪ, ತನ್ನ ಕೈಲೆ. ನೀರಾಗ ಏನಿತ್ತು? ಇಕಿ ನನ್ನ ಮನಿಗೆ ಬಂದ ದಿನಾನ ಕೈ ಹೇಳಿತ್ತು. ತುಕ್ಕ ಅಂದ್ಲು. ತುಕ್ಕಿನ ವಾಸನಿ ಬ್ಯಾರೇನ ಇರ್ತೈತಿ. ಸಾಬೂನ ಹಚ್ಚಿ ಹಸಿ ಮಾಡಿದ ಕೂಡ್ಲೆ ನಿಪ್ಪಾಣಿ ಬೀಡಿ ಕಟ್ಟೂ ಹೆಣ್ಮಕ್ಕಳ ಕೈ ವಾಸನಿ ಬಂತು. ನಾ ವರ್ಷಾ ಸಾವಿರ ಅಂಥಾ ಕೈಗೆ ಬಳಿ ಇಡ್ತೀನಿ. ಇಕಿ ಬೀಡಿ ಕಟ್ಟೂದಿಲ್ಲ, ಸೇದೂದಿಲ್ಲ, ಹಲ್ಲಿಗೆ ತಂಬಾಕಿನ ಮಿಶ್ರಿ ತಿಕ್ಕೂದಿಲ್ಲ. ತಂಬಾಕ ಇಕಿ ಕೈಗೆ ಎಲ್ಲಿಂದ ಬಂತು? ಪರದಿ ಮ್ಯಾಲ ಅದ ಬಣ್ಣದ ಹನಿ. ಬಾವಿ ನೀರ ಹಾಕಿದ ಪರದಿ ಬೆಳ್ಳಗ. ಬಿಜಲಿ ಡ್ರಮ್ಮಿಗೆ ಬಾಯಿ ಹಚ್ಚಲಿಲ್ಲ. ತಂಬಾಕಿನ ದಂಟ ನೆನೀ ಹಾಕಿದ ನೀರು ಹೇನಿಗೆ ಯಮ ಅಂತ ನಮ್ಮ ಅಜ್ಜಿ ಕಾಲದಿಂದ ಎಲ್ಲಾರಿಗೂ ಗೊತ್ತು."

ದಾದಾಸಾಹೇಬ ಗೋದಲಿಯ ಕಡೆ ತಿರುಗಿ ನೋಡಿದ. ಅವನ ಕೈ ಮೆಲ್ಲಗೆ ತೋಳಿನಿಂದ ಕೆಳಗಿಳಿಯಿತು.

"ಹೊಗಿ ಹಾಕವಲ್ಲರು, ಆದ್ರ ದಂಟಿನ ಬಣವಿ ಕರಗಾಕತ್ತಿತ್ತು," ಎಂದಳು ಮೆಹರುಬಿ. ದನಿ ತೀರ ಮೃದುವಾಗಿತ್ತು. "ಸಂಜಿಕೆ ಡ್ರಮ್ಮ ತುಂಬಾವ್ರು ಒಬ್ರ. ಆ ನೀರ ಕುದರೀಗೂ ಬ್ಯಾಡ ಅಂತ ಓಡಿ ಬಂದಾವ್ರೂ ಅವ್ರ."

ಬಡಿಸುತ್ತಿದ್ದ ಸುಗಂಧಾಳ ಕೈ ನಿಂತುಬಿಟ್ಟಿತ್ತು. ಹೋಳಿಗೆ ಅರ್ಧ ಬುಟ್ಟಿಯಲ್ಲಿ, ಅರ್ಧ ನನ್ನ ಎಲೆಯ ಮೇಲೆ.

ಸಾರಿಕಾ ಎದ್ದು ನಿಂತಳು. "ಮಾವಶಿ... ನೀವಾ?"

"ಹೌದವ್ವಾ, ನಾನ," ಎಂದಳು ಸುಗಂಧಾ. ತಪ್ಪು ಮಾಡಿದವಳ ದನಿಯಲ್ಲ ಅದು, ತಿಳಿಯದವಳ ದನಿ. "ದಂಟ ಅರಿವ್ಯಾಗ ಕಟ್ಟಿ ರಾತ್ರಿ ಬಿಡತಿದ್ದೆ, ಬೆಳಗಾಗೂದ್ರಾಗ ತಗೀತಿದ್ದೆ. ಸಾಹೇಬ್ರು ಬರ್ತಾರ, ರೋಗ ಬರದ ಗೋದಿ ನೋಡ್ತಾರ ಅಂದಿ. ಹೇನ ಇದ್ರ ರೋಗ ಬರ್ತೈತಿ ಅಂತಾನೂ ನೀನ ಅಂದಿ. ಅವರು ಬಂದಾಗ ಎಲ್ಲಾ ಹಸರ ಇದ್ರ ನೀ ಗೆದ್ದಂಗಲ್ಲೇನ? ನಿನ್ನ ಪರೀಕ್ಷಾ ಪಾಸಾಗ್ಲಿ ಅಂತ ಮಾಡೀನಿ. ಅದೂ ಅಲ್ದ, ಬಸುರಿ ನೆಲಕ್ಕ ನನ್ನ ಹೊಲದಾಗ ಯಾರರೆ ರೋಗ ಹಚ್ಚೂದ ನೋಡಿ ಹ್ಯಾಂಗ ಸುಮ್ಮನ ಇರ್ಲಿ?"

"ನಾ ಅಳೂದ ಕಾಣಲಿಲ್ಲೇನ್ರಿ?"

"ಹೇನ ಸತ್ತದ್ದಕ್ಕ ಯಾರ ಅಳ್ತಾರ? ಪರೀಕ್ಷಾ ಅಂಜಿಕಿಗೆ ಅಳಾಕತ್ತಿ ಅಂತ ತಿಳದಿದ್ದೆ. ಅದಕ್ಕ ಎರಡನೇ ಸಲ ಇನ್ನಷ್ಟ ದಂಟ ಹಾಕಿದೆ."

ಸಾರಿಕಾಳ ಮುಖದಲ್ಲಿ ಸಿಟ್ಟು ಬರಲೋ ಬೇಡವೋ ಎಂದು ನಿಂತಿತ್ತು. ಅವಳು ಸುಗಂಧಾಳ ಮುಂದೆ ಕೂತು ಹೇಳಿದಳು: "ಮಾವಶಿ, ಎಲ್ಲಾ ಹಸರ ಇದ್ರ ನನ್ನ ಗೋದಿ ಯಾವುದು, ಅಂಗಡೀ ಗೋದಿ ಯಾವುದು ಅಂತ ಸಾಹೇಬ್ರಿಗೆ ಹ್ಯಾಂಗ ಗೊತ್ತಾಗಬೇಕು? ಎಲ್ಲಾದಕ್ಕೂ ರೋಗ ಬಂದು, ನಂದು ಒಂದಕ್ಕ ಬರಲಿಲ್ಲ ಅಂದ್ರ ತಾನ ಅದರ ಕಸುವು ಕಾಣೂದು?"

ಮುಂಗಾರಿನ ಗುಡುಗಿನಂತೆ ದಾದಾಸಾಹೇಬ ನಕ್ಕ. ಬೇವಿನ ಗಿಡದ ಹಕ್ಕಿಗಳು ಹಾರಿಹೋದವು. "ಅಯ್ಯ ಸುಗಂಧಾ! ನಿನ್ನ ಪೈಲ್ವಾನ ಗೆಲ್ಲಲಿ ಅಂತ ಎದುರಿನ ಪೈಲ್ವಾನಗ ಜುಲಾಬಿನ ಗುಳಿಗಿ ತಿನಸೀದಿ ಅಲ್ಲಲೇ! ಅವ ಅಖಾಡಕ್ಕ ಬರದಿದ್ರ ಇವಗ ಗದಾ ಯಾರ ಕೊಡ್ತಾರ?"

ಸುಗಂಧಾ ಅವನನ್ನೂ ಸಾರಿಕಾಳನ್ನೂ ನೋಡಿದಳು. ಅರ್ಥವಾಗುತ್ತಿದ್ದ ಹಾಗೆ ಅವಳ ಕೈ ಬಾಯಿಗೆ ಹೋಯಿತು. "ಆದ್ರ ಕಡೀಕೆ ಹೇನ ನೀನ ಕೊಲ್ತೀನಿ ಅಂದಿದ್ದಿ?"

"ಹೌದ್ರಿ. ನಾಕ ದಿನ ಕಚ್ಚಿದ ಮ್ಯಾಲ. ಆಬಾಸಾಹೇಬ ಕಾಕಾನ ಹೊಲಕ್ಕ ಒಂದೂ ಹೋಗದಂಗ."

"ಹಂಗಾದ್ರ ಕೊಂದದ್ದ ತಪ್ಪಲ್ಲ," ಎಂದಳು ಸುಗಂಧಾ, ಕಣ್ಣೊರೆಸಿಕೊಳ್ಳುತ್ತ. "ಲಗೂನ ಕೊಂದದ್ದ ತಪ್ಪು!"

"ಮತ್ತ ಆ ಎಣ್ಣಿ ನನ್ನ ಅಂಗಡೀದ ಆಗ್ಬೇಕ ನೋಡ್ರಿ," ಎಂದ ಕಾಕಾಸಾಹೇಬ. ಆಗ ಸಾರಿಕಾಳೂ ನಕ್ಕಳು.

ಸುಗಂಧಾ ಮಾತ್ರ ಇನ್ನೂ ನೆಲ ನೋಡುತ್ತಿದ್ದಳು. "ಬೂಬವ್ವಾ, ಇವತ್ತ ಬಯಕಿ ಊಟ ಹಾಕೀನಿ. ಇವತ್ತ ಹೇನ ಬಿಡ ಅಂದ್ರ ಭೂತಾಯಿ ಏನಂದಾಳು?"

ಮೆಹರುಬಿ ಅವಳ ಕೈ ಹಿಡಿದಳು. "ಬಸುರಿಗೆ ಬೇಕಾದ್ದ ಮಾಡಿ ಹಾಕ್ತೀವು. ಬ್ಯಾನಿ ತಪ್ಪಸಾಕ ಆಗ್ತೈತೇನವ್ವಾ? ಬ್ಯಾನಿ ತಿಂದ್ರನ ಕೂಸು."

ಸುಗಂಧಾ ಎದ್ದಳು. ಸೆರಗು ಬಿಗಿದು, "ಎಲ್ಲಿ ಅದಾವ ಆ ಹೇನ? ತಾ ಇಲ್ಲೆ," ಎಂದಳು.

ಆ ಸಂಜೆ ಹೇನು ತುಂಬಿದ ಎಲೆಗಳ ತಾಟನ್ನು ಅವಳೇ ಹಿಡಿದು ಮಡಿಯಿಂದ ಮಡಿಗೆ ನಡೆದಳು. ಸಾರಿಕಾ ಪರದೆ ಎತ್ತಿ, ಸಣ್ಣ ಕುಂಚದಿಂದ ಒಂದೊಂದೇ ಪೈರಿಗೆ ಇಳಿಸುತ್ತಿದ್ದಳು. ಪ್ರತಿ ಮಡಿಯ ಮುಂದೆ ಸುಗಂಧಾ ತುಟಿ ಅಲುಗಿಸಿ ಏನೋ ಅನ್ನುತ್ತಿದ್ದಳು. ಭೂತಾಯಿಗೆ ಕ್ಷಮೆ ಕೇಳುತ್ತಿದ್ದಳೋ, ಹೇನುಗಳಿಗೆ ಬೆದರಿಕೆ ಹಾಕುತ್ತಿದ್ದಳೋ ನನಗೆ ಕೇಳಿಸಲಿಲ್ಲ. ಮುಂದಿನ ನಾಲ್ಕು ದಿನ ಡ್ರಮ್ಮಿನ ಹತ್ತಿರ ಕೋಳಿಯನ್ನೂ ಅವಳು ಸುಳಿಯಗೊಡಲಿಲ್ಲವೆಂದು ಅಮೀರ ಹೇಳಿದ.

ಸಂಕ್ರಮಣ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಮಡಿಗಳು ಒಂದೊಂದಾಗಿ ಹಳದಿಯಾದವು. ಎಲೆ ತುದಿಯಿಂದ ಅರಿಶಿನ ಇಳಿಯತೊಡಗಿತು. ಪೈರು ಮೊಣಕಾಲೆತ್ತರಕ್ಕೇ ನಿಂತಿತು. ನಡುವೆ ಸಾರಿಕಾಳ ಸಾಲುಗಳು ಮಾತ್ರ ಗಿಳಿಯ ರೆಕ್ಕೆಯಂತೆ ಹಸಿರಾಗಿ ಮೇಲೆದ್ದವು. ಸಾಹೇಬರು ಜೀಪಿನಲ್ಲಿ ಬಂದು, ಬಗ್ಗಿ, ಎಲೆ ತಿರುಗಿಸಿ ತಿರುಗಿಸಿ ನೋಡಿದರು. ಲಕ್ಕು ಎಂದು ಯಾರೂ ಅನ್ನಲಿಲ್ಲ. ಹೆಚ್ಚು ಮಾತಾಡದ ಒಬ್ಬ ಸಾಹೇಬರು ಸಾರಿಕಾಳಿಗೆ, "ಮುಂದಿನ ಹಂಗಾಮಕ್ಕೆ ಹತ್ತು ಊರಲ್ಲಿ ಹಾಕೋಣ," ಎಂದರು. ಅವರ ಹಿಂದೆ ನಿಂತಿದ್ದ ಸುಗಂಧಾ, "ಹೇನ ನಾ ಬಿಟ್ಟದ್ದು ನೋಡ್ರಿ," ಎಂದು ಮೂರು ಸಲ ಹೇಳಿದಳು.

ಕಾಳು ಬಲಿತು, ಕೊಯ್ದು, ಸಾಲು ಸಾಲಾಗಿ ಬೇರೆ ಬೇರೆ ಬಡಿದು ಮುಗಿಸುವುದರಲ್ಲಿ ಯುಗಾದಿ ಬಂತು. ಅವತ್ತು ಗುರುವಾರ. ಮರುದಿನ ಕೇಂದ್ರದ ಜೀಪು ಬಂದು ಬಾಗಿಲಲ್ಲಿ ನಿಂತಿತು. ಮೆಹರುಬಿ ಹೊಸ ಬಳೆ ಇಡಲು ಬಂದಿದ್ದಳು. ನಾನೂ ಇದ್ದೆ. ಸಾರಿಕಾ ಬೀಜದ ಚೀಲಗಳನ್ನು ಜೀಪಿಗೆ ಏರಿಸಲು ಹೋದಾಗ ಸುಗಂಧಾ ಅಡ್ಡ ನಿಂತಳು.

"ಶುಕ್ರವಾರ ಮನಿ ಮಗಳನ್ನ ಕಳಸ್ತಾರೇನ? ಲಕ್ಷ್ಮಿನ ಯಾರ ಹೊರಗ ಹಾಕ್ತಾರ?"

"ಅಮ್ಮಾರ, ನನಗ ಇವತ್ತ ಸಂಜಿಕೆ ಗಾಡಿ ಮುಟ್ಟಸಬೇಕ್ರಿ," ಎಂದ ಡ್ರೈವರ್.

"ಮುಟ್ಟಸೀಯಂತ. ಮದಲ ಊಟ ಮಾಡು. ಬೇವು ಬೆಲ್ಲ ನಿನ್ನೀದ ಐತಿ, ಹೋಳಗಿ ಇವತ್ತಿಂದು."

ದಾದಾಸಾಹೇಬ ಜೀಪಿನ ಬಾನೆಟ್ಟಿಗೆ ಸುಮ್ಮನೆ ಒರಗಿ ನಿಂತ. ಡ್ರೈವರ್ ಆ ಮೈಯನ್ನು ಒಮ್ಮೆ ನೋಡಿ, ಕೀಲಿ ತೆಗೆದು ಕಿಸೆಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಸುಗಂಧಾ ಸಾರಿಕಾಳನ್ನು ಮಣೆಯ ಮೇಲೆ ಕೂಡಿಸಿದಳು. ಕುಂಕುಮ ಹಚ್ಚಿ, ತೆಂಗಿನಕಾಯಿ, ಕುಪ್ಪಸದ ಕಣ ಇಟ್ಟು ಉಡಿ ತುಂಬಿದಳು. ಅಕ್ಕಿಯ ಬದಲು ಆ ಹಸಿರು ಸಾಲಿನ ಗೋಧಿಯನ್ನೇ ಐದು ಬೊಗಸೆ ಹಾಕಿದಳು. "ಇದು ಲೆಕ್ಕಕ್ಕ ಬರ್ತೈತ್ರಿ ಮಾವಶಿ, ಒಂದ ಕಾಳೂ ಬಿಡುವಂಗಿಲ್ಲ," ಎಂದು ಸಾರಿಕಾ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಗುತ್ತ ಅಳುತ್ತ ಜೀಪಿನೊಳಗೆ ಕೂತಳು.

ಶುಕ್ರವಾರ ಹೋಗಬೇಕಾಗಿದ್ದ ಸಾರಿಕಾ ಶನಿವಾರ ಹೋದಳು.